ಬಂಕಾಪುರದ ಸಮಾಧಿಮರಣ ಮತ್ತು ಅಂತ್ಯಕಾಲದ ಆಹಾರವಿಚಾರ

ಕರ್ನಾಟಕದ ಜೈನ ಇತಿಹಾಸದಲ್ಲಿ ಬನವಾಸಿನಾಡಿಗೆ ವಿಶಿಷ್ಟವಾದ ಸ್ಥಾನವಿದೆ. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ೧೯೯೭ರವರೆಗೆ ಅವಿಭಕ್ತ ಧಾರವಾಡ ಜಿಲ್ಲೆಯ ದಕ್ಷಿಣ ಭಾಗವಾಗಿದ್ದವು. ಅದಕ್ಕೂ ಸಹಸ್ರ ವರ್ಷಗಳ ಹಿಂದೆ ಬನವಾಸಿ ಹನ್ನೆರಡು ಸಾಸಿರ, ಪಾನುಂಗಲ್ಲು ಐನೂರು ಎಂಬ ಹೆಸರುಗಳಿಂದ ಶಾಸನಗಳಲ್ಲಿ ಕಾಣಿಸಿಕೊಂಡಿವೆ. ಹಾನಗಲ್ಲೇ ಆ ಪಾನುಂಗಲ್ಲು. ನೆರೆಯ ದೇವಗಿರಿಯಲ್ಲಿ ದೊರೆತ ಕದಂಬ ತಾಮ್ರಪಟಗಳು ಅರ್ಹದ್ಭಗವಂತರಿಗೂ ಶ್ವೇತಪಟ ಮತ್ತು ನಿರ್ಗ್ರಂಥ ಸಂಘಗಳಿಗೂ ಭೂಮಿಯನ್ನು ಹಂಚಿಕೊಟ್ಟ ಸಂಗತಿಯನ್ನು ಹೇಳುತ್ತವೆ. ಶಿಗ್ಗಾಂವಿ ತಾಲ್ಲೂಕಿನ ಅರಟಾಳದ ಪಾರ್ಶ್ವನಾಥ ಬಸದಿ ಇಂದಿಗೂ ಭಕ್ತರ ದರ್ಶನಕ್ಕೆ ನಿಂತಿದೆ. ಸವಣೂರಿನಿಂದ ಅನತಿದೂರದಲ್ಲಿರುವ ಪುಲಿಗೆರೆಯ ಶಂಖ ಬಸದಿಯ ಕೀರ್ತಿಯಂತೂ ಸರ್ವವಿದಿತ.

ಈ ನಾಡಿನ ಜೈನರು ಬಿಟ್ಟುಹೋದ ಸ್ಮಾರಕಗಳನ್ನು ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಆದರೆ ಅವರ ಬದುಕಿನ ಕೊನೆಯ ದಿನಗಳ ಕ್ರಮವನ್ನು, ವಿಶೇಷವಾಗಿ ಆ ದಿನಗಳಲ್ಲಿ ಆಹಾರದ ವಿಷಯದಲ್ಲಿ ಅವರು ತಾಳಿದ ನಿಲುವನ್ನು, ಬಿಡಿಸಿ ನೋಡಿದವರು ಕಡಮೆ. ಮನೆಯ ಹಿರಿಯರು ಹುಬ್ಬಳ್ಳಿಯ ಆಸ್ಪತ್ರೆಯ ಮಂಚದ ಮೇಲೆ ಮೂಗಿನ ನಳಿಕೆಯೊಡನೆ ಮಲಗಿರುವಾಗ, ಅನ್ನವನ್ನು ಕೊಡಬೇಕೆ, ನಿಲ್ಲಿಸಬೇಕೆ, ಹೇಳುವವರು ಯಾರು ಎಂದು ಮಕ್ಕಳು ತಮ್ಮೊಳಗೆ ತಾವೇ ತೊಳಲುವ ಕಾಲವಿದು. ಆದುದರಿಂದ ಈ ವಿಚಾರವನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಮೊದಲು ಅನ್ನದಾನ

ಹಾನಗಲ್ಲು ತಾಲ್ಲೂಕಿನ ಆಡೂರಿನಲ್ಲಿ ಬಾದಾಮಿಯ ಚಾಳುಕ್ಯ ಕೀರ್ತಿವರ್ಮನ ಕಾಲದ ಪ್ರಾಚೀನ ಶಾಸನವೊಂದಿದೆ. ಡಾ. ಫ್ಲೀಟರು ಇದನ್ನು ಮೊದಲನೆಯ ಕೀರ್ತಿವರ್ಮನದೆಂದು ಎಣಿಸಿದ್ದರು. ಅನಂತರದ ವಿದ್ವಾಂಸರು ಎರಡನೆಯ ಕೀರ್ತಿವರ್ಮನ ಆಳಿಕೆಗೆ, ಎಂದರೆ ಕ್ರಿಸ್ತಶಕ ಎಂಟನೆಯ ಶತಮಾನದ ನಡುಭಾಗಕ್ಕೆ ಸೇರಿಸಿದ್ದಾರೆ. ಊರಿನ ಗಾಮುಂಡನೊಬ್ಬನು ಕಟ್ಟಿಸಿದ ಜಿನಾಲಯದ ದಾನಶಾಲೆ ಮೊದಲಾದವುಗಳಿಗಾಗಿ ಹೊಲವನ್ನು ಬಿಟ್ಟುದು ಇದರ ವಿಷಯ. ಇಲ್ಲಿ 'ದಾನಶಾಲೆ' ಎಂಬ ಶಬ್ದವನ್ನು ಗಮನಿಸಬೇಕು. ಹಾನಗಲ್ಲು ಸೀಮೆಯ ಜೈನಧರ್ಮದ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದಾದ ಇದು ಉಪವಾಸವನ್ನು ಕುರಿತದ್ದಲ್ಲ. ಹಸಿದವರಿಗೆ ಇಕ್ಕುವುದನ್ನು ಕುರಿತದ್ದು. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಆಹಾರವನ್ನೂ ಔಷಧವನ್ನೂ ಸೇರಿಸಿದ ಧರ್ಮವು ಶರೀರವನ್ನು ಹಗೆಯೆಂದು ಬಗೆಯಿತೆನ್ನುವುದು ಸರಿಯಾಗದು.

ಪಂಚಕಲ್ಯಾಣ ಮಹೋತ್ಸವವನ್ನು ಕಣ್ಣಾರೆ ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದಿತೀರ್ಥಂಕರರು ದೀಕ್ಷೆಯನ್ನು ಕೈಕೊಂಡು ಆರು ತಿಂಗಳು ಉಪವಾಸವಿದ್ದು, ಆಮೇಲೆ ಆಹಾರಕ್ಕೆಂದು ಹೊರಟಾಗ, ಮುನಿಗೆ ಹೇಗೆ ಆಹಾರ ಕೊಡಬೇಕೆಂಬುದೇ ಜನಕ್ಕೆ ತಿಳಿಯದೆ ಮತ್ತೆ ತಿಂಗಳುಗಟ್ಟಲೆ ಅಲೆಯಬೇಕಾಯಿತು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ಹಾಲನ್ನು ಅವರ ಅಂಜಲಿಗೆ ಎರೆದನು. ಆ ದಿನವೇ ಅಕ್ಷಯ ತೃತೀಯೆ. ಪ್ರತಿಷ್ಠಾಪಿತವಾಗುವ ಬಿಂಬದ ಕಲ್ಯಾಣಗಳ ನಡುವೆ ಆಹಾರದಾನದ ಪ್ರಸಂಗಕ್ಕೂ ಸ್ಥಾನ ದೊರೆತಿರುವುದು ಸಣ್ಣ ಮಾತಲ್ಲ. ಕೊಡುವ ವಿಧಿಯನ್ನು ಹೀಗೆ ಕಲಿತ ಸಮಾಜವೇ ಬಿಡುವ ವಿಧಿಯನ್ನೂ ರಚಿಸಿತು. ಇವೆರಡರಲ್ಲಿ ಒಂದನ್ನು ಮರೆತು ಇನ್ನೊಂದನ್ನು ಓದಿದವರಿಗೆ ಸಲ್ಲೇಖನವು ವಿಪರೀತವಾಗಿ ತೋರುವುದು ಸಹಜ.

ಬಂಕಾಪುರದ ಮೂರು ದಿನಗಳು

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಅಮೋಘವರ್ಷ ನೃಪತುಂಗನ ದಂಡನಾಯಕನಾದ ಬಂಕೆಯನ ಹೆಸರನ್ನು ಹೊತ್ತ ಪಟ್ಟಣ. ಬಂಕೆಯನ ಮಗ ಲೋಕಾದಿತ್ಯನು ಇಲ್ಲಿಂದ ಬನವಾಸಿನಾಡನ್ನು ಆಳುತ್ತಿದ್ದಾಗ, ಶಕವರ್ಷ ೮೨೦ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣವು ಪೂಜೆಗೊಂಡಿತೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಮುಂದಿನ ಶತಮಾನದಲ್ಲಿ ಅಜಿತಸೇನ ಭಟ್ಟಾರಕರು ಇಲ್ಲಿದ್ದರು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೂ ಮುಧೋಳದಿಂದ ವಿದ್ಯೆಯನ್ನರಸಿ ಹೊರಟ ಕವಿ ರನ್ನನಿಗೂ ಇವರೇ ಗುರುಗಳು.

ಇಂತಹ ಬಂಕಾಪುರಕ್ಕೆ ಕ್ರಿಸ್ತಶಕ ೯೭೪ರ ಸುಮಾರಿಗೆ ಒಬ್ಬ ಅರಸನು ಬಂದನು. ಅವನು ಗಂಗವಂಶದ ಎರಡನೆಯ ಮಾರಸಿಂಹ. ೯೬೩ರಿಂದ ಆಳಿದವನು, ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದವನು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಬಲಗೈಯಾಗಿ ಉತ್ತರದವರೆಗೂ ದಂಡೆತ್ತಿ ಹೋದವನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಕೂಗೆಬ್ರಹ್ಮದೇವರ ಕಂಬದ ಶಾಸನವು ಅವನ ವಿಜಯಗಳನ್ನು ಸಾಲುಸಾಲಾಗಿ ಹೊಗಳುತ್ತದೆ. ಹಲವೆಡೆಗಳಲ್ಲಿ ಬಸದಿಗಳನ್ನೂ ಮಾನಸ್ತಂಭಗಳನ್ನೂ ಮಾಡಿಸಿದುದನ್ನು ಹೇಳುತ್ತದೆ. ಕಟ್ಟಕಡೆಗೆ, ಹೆಚ್ಚು ಅಲಂಕಾರವಿಲ್ಲದೆ, ಅವನು ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಸಮಾಧಿಯನ್ನು ಸಾಧಿಸಿದನೆಂದು ತಿಳಿಸುತ್ತದೆ. ಇಂದು ಬಂಕಾಪುರದ ಕೋಟೆಯಲ್ಲಿ ಅರವತ್ತು ಕಂಬಗಳ ನಗರೇಶ್ವರ ದೇವಾಲಯವನ್ನು ನೋಡಿ ಮರಳುವ ಪ್ರವಾಸಿಗರಲ್ಲಿ ಎಷ್ಟು ಮಂದಿ ಈ ಘಟನೆಯನ್ನು ಬಲ್ಲರು? ಊರಿನ ಅತಿ ದೊಡ್ಡ ನೆನಪು ಊರಿನಿಂದ ಬಹುದೂರದ ಬೆಟ್ಟವೊಂದರ ಕಂಬದ ಮೇಲೆ ಉಳಿದಿದೆ.

ಮಾರಸಿಂಹನ ಅಂತ್ಯವನ್ನು ಕುರಿತು ಒಂದು ಸಂದೇಹಕ್ಕೆ ಎಡೆಯುಂಟು. ಪರಮಾರ ಸೀಯಕನು ೯೭೨ರಲ್ಲಿ ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷ ಚಾಳುಕ್ಯ ತೈಲಪನು ರಾಷ್ಟ್ರಕೂಟ ಸಿಂಹಾಸನವನ್ನು ಉರುಳಿಸಿದನು. ಮಾರಸಿಂಹನು ಪಟ್ಟಗಟ್ಟಲು ಹೆಣಗಿದ ತನ್ನ ಸೋದರಳಿಯ ನಾಲ್ಕನೆಯ ಇಂದ್ರನಿಗೆ ರಾಜ್ಯವು ದಕ್ಕಲಿಲ್ಲ. ಹೀಗೆ ಎಲ್ಲವೂ ಕುಸಿದ ಹೊತ್ತಿನಲ್ಲಿ ಅರಸನು ಅನ್ನವನ್ನು ಬಿಟ್ಟುದು ವೈರಾಗ್ಯದಿಂದಲೋ ಹತಾಶೆಯಿಂದಲೋ? ಪ್ರಶ್ನೆ ಕಠಿನವಾದದ್ದೇ; ಅದನ್ನು ಕೇಳಬಾರದೆಂದು ಹೇಳುವುದು ಧರ್ಮಾಭಿಮಾನವಲ್ಲ. ಆದರೆ ಶಾಸನವು ಇದಕ್ಕೆ ಉತ್ತರದ ದಿಕ್ಕನ್ನು ತೋರಿಸಿದೆ. ಅರಸನು ಯುದ್ಧಭೂಮಿಯಲ್ಲಿ ಬಿದ್ದು ಸಾಯಲಿಲ್ಲ, ಅರಮನೆಯ ಏಕಾಂತದಲ್ಲಿ ಉಣ್ಣದೆ ಮಲಗಲಿಲ್ಲ. ಮೊದಲು ರಾಜ್ಯವನ್ನು ಬಿಟ್ಟನು, ಅನಂತರ ಗುರುವಿನ ಬಳಿಗೆ ಹೋದನು, ಆಹಾರತ್ಯಾಗ ಮೂರನೆಯದು. ಕಷಾಯ ಸಲ್ಲೇಖನ ಮುಂದೆ, ಕಾಯ ಸಲ್ಲೇಖನ ಹಿಂದೆ. ಮನಸ್ಸಿನ ಕ್ರೋಧ, ಮಾನ, ಮಾಯೆ, ಲೋಭಗಳು ತೆಳುವಾದ ಮೇಲೆ ಶರೀರವು ತೆಳುವಾಗಬೇಕು. ಆ ಕ್ರಮ ಸರಿಯಾಗಿದೆಯೇ ಎಂದು ಪರೀಕ್ಷಿಸುವವರು ಅರಸನಲ್ಲ, ಅಜಿತಸೇನರು. ಒಬ್ಬ ಚಕ್ರವರ್ತಿಯ ದಂಡನ್ನು ನಡೆಸಿದವನೂ ಈ ಒಂದು ವಿಷಯದಲ್ಲಿ ಇನ್ನೊಬ್ಬರ ಒಪ್ಪಿಗೆಗೆ ಕೈಮುಗಿದು ಕಾಯಬೇಕಾಯಿತು.

ಸೋದರಳಿಯ ಇಂದ್ರನೂ ೯೮೨ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದಲೇ ಮುಡಿಪಿದನು.

ನಾಳ್ಗಾವುಂಡಿ ಜಕ್ಕಿಯಬ್ಬೆ

ಅರಸರ ಕಥೆಗಿಂತ ಹೆಚ್ಚಾಗಿ ಇಂದಿನ ಮನೆಮಂದಿಗೆ ಹತ್ತಿರವಾದುದು ಒಬ್ಬ ಹೆಣ್ಣುಮಗಳ ಕಥೆ. ಹಿರೇಕೆರೂರು ತಾಲ್ಲೂಕಿಗೆ ಹೊಂದಿಕೊಂಡಿರುವ ಶಿಕಾರಿಪುರ ತಾಲ್ಲೂಕಿನ ಬಂದಳಿಕೆ, ಹಿಂದಿನ ಬಂದಣಿಕೆ, ನಾಗರಖಂಡ ಎಪ್ಪತ್ತರ ತೀರ್ಥಕ್ಷೇತ್ರ. ಹತ್ತನೆಯ ಶತಮಾನದ ಮೊದಲ ಪಾದದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳಿಕೆಯಲ್ಲಿ, ಈ ನಾಡಿನ ನಾಳ್ಗಾವುಂಡನಾದ ನಾಗಾರ್ಜುನನು ತೀರಿಕೊಂಡನು. ಆ ಅಧಿಕಾರವು ಅವನ ಹೆಂಡತಿ ಜಕ್ಕಿಯಬ್ಬೆಗೆ ದೊರೆಯಿತು. ಆಕೆ ಹೆಣ್ಣಾಗಿದ್ದೂ ನಾಡನ್ನು ಸಮರ್ಥವಾಗಿ ಆಳಿದುದನ್ನೂ ಜಿನಶಾಸನದಲ್ಲಿ ಭಕ್ತಿಯುಳ್ಳವಳಾಗಿದ್ದುದನ್ನೂ ಶಾಸನ ಕೊಂಡಾಡುತ್ತದೆ. ಕೆಲವು ವರ್ಷಗಳ ಮೇಲೆ ಆಕೆಯ ಶರೀರಕ್ಕೆ ವ್ಯಾಧಿ ತಗುಲಿತು. ಆಗ ಆಕೆ ಸಂಸಾರಭೋಗವು ಸಾರವಿಲ್ಲದ್ದೆಂದು ಬಗೆದು, ಮಗಳನ್ನು ಕರೆಸಿ ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಗೆ ಹೋಗಿ ವ್ರತವನ್ನು ಕೈಕೊಂಡು ಶರೀರವನ್ನು ಬಿಟ್ಟಳು.

ಇಲ್ಲಿ ಗಂಡನು ಸತ್ತಾಗ ಆಕೆ ಸಾಯಲಿಲ್ಲವೆಂಬುದು ಬಹು ಮುಖ್ಯ. ದುಃಖವು ಆಹಾರತ್ಯಾಗಕ್ಕೆ ಕಾರಣವಾಗಲಿಲ್ಲ. ಆಳಬೇಕಾದ ನಾಡಿತ್ತು, ಆಳಿದಳು. ಮದ್ದಿಲ್ಲದ ಬೇನೆ ಬಂದಾಗ ಮಾತ್ರ, ಹೊಣೆಯನ್ನು ಇನ್ನೊಂದು ಕೈಗೆ ದಾಟಿಸಿ, ಹೊರಟಳು. ವೀರಗಲ್ಲು, ಮಾಸ್ತಿಗಲ್ಲುಗಳು ತುಂಬಿದ ಇದೇ ಸೀಮೆಯಲ್ಲಿ, ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತಲೆಯನ್ನೇ ಅರಿದಿಟ್ಟನೆಂದು ಹೇಳುವ ಶಾಸನವಿರುವ ಇದೇ ನೆಲದಲ್ಲಿ, ನಿಷಿಧಿಗಲ್ಲುಗಳು ಬೇರೆ ಬಗೆಯವಾಗಿ ನಿಲ್ಲುತ್ತವೆ. ಉಳಿದ ಕಲ್ಲುಗಳ ಸಾವು ಒಂದು ಕ್ಷಣದ್ದು. ನಿಷಿಧಿಯ ಸಾವಿಗೆ ದಿನಗಳು ಬೇಕು, ಜನ ಬೇಕು, ಪ್ರತಿದಿನ ಮತ್ತೆ ಕೇಳುವ ಗುರು ಬೇಕು. ಹತ್ತಿರದ ಸೊರಬ ತಾಲ್ಲೂಕಿನ ಹಿರೇ ಆವಲಿಯಲ್ಲಿ ವಿಜಯನಗರದ ಕಾಲದ ಇಂತಹ ಹಲವು ಕಲ್ಲುಗಳು ಒಂದೇ ಊರಿನಲ್ಲಿ ದೊರೆತಿವೆ; ಅವು ಮುನಿಗಳವಲ್ಲ, ಊರ ಗೌಡರವು, ಅವರ ಮನೆಯ ಹೆಂಗಸರವು. ಕರ್ನಾಟಕದ ನಿಷಿಧಿಗಳನ್ನೆಲ್ಲ ಶೋಧಿಸಿ ೧೯೮೬ ಮತ್ತು ೧೯೯೦ರಲ್ಲಿ ಎರಡು ಉದ್ಗ್ರಂಥಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮೂಲಕ ಹೊರತಂದ ಡಾ. ಷ. ಶೆಟ್ಟರ್ ಅವರ ಪರಿಶ್ರಮದಿಂದ ಈ ಚಿತ್ರ ಸ್ಪಷ್ಟಗೊಂಡಿದೆ.

ಅನ್ನದಿಂದ ನೀರಿನವರೆಗೆ

ಶಾಸನಗಳು ಎಷ್ಟು ದಿನವೆಂದು ಹೇಳುತ್ತವೆ. ಹೇಗೆಂದು ಹೇಳುವುದು ಶಾಸ್ತ್ರಗಳು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ಅವಕಾಶವುಳ್ಳ ಸಂದರ್ಭಗಳನ್ನು ಎಣಿಸಿದೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಇವುಗಳಿಗೆ ಪ್ರತೀಕಾರವಿಲ್ಲದಿರಬೇಕೆಂಬುದು ಅಲ್ಲಿಯ ಕಟ್ಟಳೆ. ಪ್ರತೀಕಾರವಿದ್ದಲ್ಲಿ ಸಲ್ಲೇಖನವಿಲ್ಲ. ಎಂದರೆ ಚಿಕಿತ್ಸೆಯ ಸಾಧ್ಯತೆಯು ಮುಗಿದ ಎಡೆಯಲ್ಲಿಯೇ ಈ ವಿಧಿಯು ಆರಂಭವಾಗುತ್ತದೆ. ಪ್ರತೀಕಾರವೆಂಬುದು ಕಾಲದಿಂದ ಕಾಲಕ್ಕೆ ಬದಲಾಗುವ ವಸ್ತು. ನೂರು ವರ್ಷಗಳ ಹಿಂದೆ ಮದ್ದಿಲ್ಲದ ಕ್ಷಯಕ್ಕೆ ಇಂದು ಮದ್ದಿದೆ. ಆದುದರಿಂದ ವೈದ್ಯನ ಮಾತನ್ನು ಕೇಳದೆ ಈ ಲಕ್ಷಣವನ್ನು ಇಂದು ಅನ್ವಯಿಸಲಾಗದೆಂಬುದು ಸ್ಪಷ್ಟ.

ಇನ್ನು ಕ್ರಮ. ಸ್ನೇಹ, ವೈರ, ಪರಿಗ್ರಹಗಳನ್ನು ಬಿಟ್ಟು, ಬಂಧುಗಳನ್ನೂ ಸೇವಕರನ್ನೂ ಕ್ಷಮಿಸಿ ತಾನೂ ಕ್ಷಮೆ ಬೇಡಿ, ದೋಷಗಳನ್ನು ಮರೆಮಾಚದೆ ಆಲೋಚಿಸಿದ ಮೇಲೆ ಆಹಾರದ ಮಾತು ಬರುತ್ತದೆ. ಗಟ್ಟಿಯಾದ ಊಟವನ್ನು ಮೆಲ್ಲಮೆಲ್ಲನೆ ತಗ್ಗಿಸಿ ಹಾಲು ಮೊದಲಾದ ಸ್ನಿಗ್ಧ ಪಾನವನ್ನು ಹೆಚ್ಚಿಸುವುದು, ಅದನ್ನೂ ತಗ್ಗಿಸಿ ಮಜ್ಜಿಗೆ, ಕಾಂಜಿಯಂತಹ ತೆಳುಪಾನಕ್ಕೆ ಬರುವುದು, ಆಮೇಲೆ ಬಿಸಿನೀರು, ಕೊನೆಗೆ ಶಕ್ತ್ಯನುಸಾರವಾಗಿ ಉಪವಾಸ. 'ಶಕ್ತ್ಯನುಸಾರ'ವೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ಮುನಿಗಳ ಆಚಾರಗ್ರಂಥಗಳು ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತವೆ: ಗಂಡಿನ ಪೂರ್ಣಾಹಾರ ೩೨ ತುತ್ತು, ಹೆಣ್ಣಿನದು ೨೮ ತುತ್ತು ಎಂದು ಎಣಿಸಿ, ಅದರಿಂದ ಒಂದೊಂದೇ ತುತ್ತನ್ನು ಇಳಿಸುವ ಅವಮೋದರ್ಯವನ್ನು ವಿಧಿಸುತ್ತವೆ. ಶಿವಾರ್ಯರ ಭಗವತೀ ಆರಾಧನೆಯು ಭಕ್ತಪ್ರತ್ಯಾಖ್ಯಾನಕ್ಕೆ ಗರಿಷ್ಠ ಹನ್ನೆರಡು ವರ್ಷಗಳ ಅವಧಿಯನ್ನು ಕೊಟ್ಟಿದೆ. ಹನ್ನೆರಡು ವರ್ಷ! ಊಟದ ಎಲೆಯನ್ನು ಸಿಟ್ಟಿನಿಂದ ಸರಿಸಿ ಎದ್ದುಹೋಗುವುದಕ್ಕೂ ಇದಕ್ಕೂ ಏನು ಹೋಲಿಕೆ?

ದಿನಗಳ ಸಂಖ್ಯೆಯಿಂದ ಪುಣ್ಯವನ್ನು ಅಳೆಯುವ ಒಂದು ಅಭ್ಯಾಸ ನಮ್ಮ ಸಮಾಜದಲ್ಲಿ ಬೆಳೆದಿದೆ. ಇದು ಅಷ್ಟು ಒಳ್ಳೆಯದಲ್ಲ. ಮಾರಸಿಂಹನದು ಮೂರು ದಿನ. ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯದು ಶ್ರವಣಬೆಳಗೊಳದ ಶಾಸನದಂತೆ ಒಂದು ತಿಂಗಳು. ಬೆಳಗಾವಿ ಜಿಲ್ಲೆಯ ನೆಲದಲ್ಲಿ ಹುಟ್ಟಿದ ಪ್ರಾತಃಸ್ಮರಣೀಯ ಆಚಾರ್ಯ ಶಾಂತಿಸಾಗರ ಮಹಾರಾಜರು ಕುಂಥಲಗಿರಿಯಲ್ಲಿ ೩೬ ದಿನಗಳ ಸಲ್ಲೇಖನದ ಬಳಿಕ ೧೯೫೫ರ ಸೆಪ್ಟೆಂಬರ್ ೧೮ರಂದು ಸಮಾಧಿಸ್ಥರಾದರು. ಅದೇ ಜಿಲ್ಲೆಯ ಸದಲಗಾದಲ್ಲಿ ೧೯೪೬ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು ೨೦೨೪ರ ಫೆಬ್ರುವರಿ ೧೮ರಂದು ಛತ್ತೀಸಗಢದ ಡೋಂಗರಗಢದ ಚಂದ್ರಗಿರಿಯಲ್ಲಿ ದೇಹವಿಟ್ಟಾಗ ಅವರ ಉಪವಾಸ ಮೂರು ದಿನದ್ದು. ಶಾಂತಿಸಾಗರರು ವ್ರತವನ್ನು ಕೈಕೊಂಡುದಕ್ಕೆ ಕಾರಣ ಕಣ್ಣಿನ ದೃಷ್ಟಿ ಕುಂದಿದುದು. ನೆಲದ ಜೀವಿಗಳನ್ನು ಕಂಡು ಹೆಜ್ಜೆಯಿಡಲಾಗದ ಮುನಿಗೆ ಅಹಿಂಸಾ ಮಹಾವ್ರತವೇ ಕೈತಪ್ಪುವ ಭಯ. ಒಂದೊಂದು ಶರೀರದ ಲೆಕ್ಕ ಒಂದೊಂದು.

ದೋಷಗಳ ಪಟ್ಟಿಯೂ ವಿಚಾರಣೀಯ. ತತ್ತ್ವಾರ್ಥಸೂತ್ರವು ಸಲ್ಲೇಖನದ ಐದು ಅತಿಚಾರಗಳಲ್ಲಿ ಬದುಕುವ ಆಸೆಯನ್ನು ಹೇಳಿ, ಅದರ ಪಕ್ಕದಲ್ಲಿಯೇ ಸಾಯುವ ಆಸೆಯನ್ನೂ ಇರಿಸಿದೆ. ಸಾವು ಬೇಗ ಬರಲೆಂದು ಬಯಸಿದವನ ವ್ರತ ಕೆಟ್ಟಿತು. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಆತ್ಮವಧೆಯಿಂದ ಬೇರ್ಪಡಿಸಿ ಕೊಟ್ಟ ದೃಷ್ಟಾಂತ ಎಲ್ಲರಿಗೂ ಪರಿಚಿತ: ನಾನಾ ಸರಕನ್ನು ತುಂಬಿದ ಉಗ್ರಾಣಕ್ಕೆ ಬೆಂಕಿ ಬಿದ್ದರೆ ವರ್ತಕನು ಮೊದಲು ಬೆಂಕಿಯನ್ನು ಆರಿಸಲು ಯತ್ನಿಸುತ್ತಾನೆ, ಆರದೆಂದು ಕಂಡ ಮೇಲೆಯೇ ಕಟ್ಟಡದ ಆಸೆಯನ್ನು ತೊರೆದು ಸರಕನ್ನು ಉಳಿಸಲು ತೊಡಗುತ್ತಾನೆ. ಇದಕ್ಕಿಂತ ಕಡಮೆ ಪರಿಚಿತವಾದ, ಆದರೆ ಇಂದಿನ ಸಂದರ್ಭದಲ್ಲಿ ಇನ್ನೂ ಬೆಲೆಯುಳ್ಳ ಮಾತೊಂದನ್ನು ಅವರು ಅಲ್ಲಿಯೇ ಹೇಳಿದ್ದಾರೆ. ಸೂತ್ರದ ಒಂದು ಶಬ್ದಕ್ಕೆ ಅವರು 'ಪ್ರೀತಿಯಿಂದ ಸೇವಿಸುವುದು' ಎಂಬ ಅರ್ಥವನ್ನು ಕೊಟ್ಟು, ಪ್ರೀತಿಯಿಲ್ಲದಾಗ ಬಲವಂತದಿಂದ ಸಲ್ಲೇಖನವನ್ನು ಮಾಡಿಸಲಾಗದೆಂದು ಬಿಡಿಸಿ ತಿಳಿಸಿದ್ದಾರೆ. ಮಕ್ಕಳಾಗಲಿ ಬಂಧುಗಳಾಗಲಿ ಸಮಾಜವಾಗಲಿ ಇನ್ನೊಬ್ಬರ ಪರವಾಗಿ ಈ ವ್ರತವನ್ನು ಸ್ವೀಕರಿಸುವಂತಿಲ್ಲ. ಅರಿವು ತಪ್ಪಿದ ರೋಗಿಗೆ, ತಿಳಿವು ಬಾರದ ಮಗುವಿಗೆ, ಹತ್ತಿರದವರು ಹೇಳಿಕೊಟ್ಟ ಮಾತುಗಳಿಂದ ಇದು ಸಲ್ಲುವುದಿಲ್ಲ.

ಗುರುವಿನ ನಿರಾಕರಣೆ

ಈ ವಿಧಿಗಳನ್ನು ಬರೆದ ಸಮಂತಭದ್ರರ ಜೀವನದಲ್ಲಿಯೇ ನಡೆದುದೆಂದು ಪರಂಪರೆಯಲ್ಲಿ ಬಂದ ಕಥೆಯೊಂದನ್ನು ದೇವಚಂದ್ರನ ರಾಜಾವಳೀ ಕಥೆ ಮೊದಲಾದವು ಹೇಳುತ್ತವೆ. ಆಚಾರ್ಯರಿಗೆ ಭಸ್ಮಕ ವ್ಯಾಧಿ ಬಂತು. ಎಷ್ಟು ತಿಂದರೂ ಬೂದಿಯಾಗುವ ಹಸಿವು. ಮುನಿಯ ಮಿತಾಹಾರದಿಂದ ಅದು ತಣಿಯದು. ಬೇಕಾದಷ್ಟು ಉಂಡರೆ ಮುನಿಧರ್ಮ ಉಳಿಯದು. ಅವರು ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರು. ಗುರುಗಳು ಕೊಡಲಿಲ್ಲ. ಈ ವ್ಯಾಧಿ ವಾಸಿಯಾಗತಕ್ಕದ್ದು, ನಿನ್ನಿಂದ ಧರ್ಮಕ್ಕೆ ಆಗಬೇಕಾದುದು ಬಹಳವಿದೆ, ವೇಷವನ್ನು ಬಿಟ್ಟಾದರೂ ಹೊಟ್ಟೆಗೆ ಹಾಕಿ ರೋಗವನ್ನು ಕಳೆದುಕೊ, ಆಮೇಲೆ ಮತ್ತೆ ದೀಕ್ಷೆಯನ್ನು ತೆಗೆದುಕೊ ಎಂಬುದು ಅವರ ಅಭಿಪ್ರಾಯವಾಗಿತ್ತು. ಸಮಂತಭದ್ರರು ಹಾಗೆಯೇ ಮಾಡಿದರು. ಅನ್ಯದೇವಾಲಯದ ನೈವೇದ್ಯವನ್ನು ಉಂಡು, ರೋಗಮುಕ್ತರಾಗಿ, ಮರಳಿ ಮುನಿಗಳಾದರು.

ಆಹಾರತ್ಯಾಗದ ನಿಯಮಗಳನ್ನು ನಮಗೆ ಕೊಟ್ಟವರಿಗೇ ಆಹಾರತ್ಯಾಗಕ್ಕೆ ಅನುಮತಿ ದೊರೆಯಲಿಲ್ಲ. ಕಥೆಯ ಚಾರಿತ್ರಿಕತೆ ಏನೇ ಇರಲಿ, ಪರಂಪರೆಯು ಅದನ್ನು ಸಾವಿರ ವರ್ಷ ಮುಚ್ಚಿಡದೆ ಹೇಳಿಕೊಂಡು ಬಂದುದು ಅದರ ವಿವೇಕಕ್ಕೆ ಸಾಕ್ಷಿಯಾಗಿದೆ. ಅನುಮತಿಯೆಂಬುದು ಬರಿಯ ಔಪಚಾರಿಕ ಆಶೀರ್ವಾದವಾಗಿದ್ದರೆ ನಿರಾಕರಣೆಯ ಕಥೆಗೆ ಅರ್ಥವೇ ಇರುತ್ತಿರಲಿಲ್ಲ. ಇಂದು ಮನೆಯಲ್ಲಿ ಹಿರಿಯರು ವ್ರತದ ಮಾತೆತ್ತಿದ ಕೂಡಲೆ ಮೆರವಣಿಗೆಯ ಸಿದ್ಧತೆಗೆ ತೊಡಗುವವರೂ ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಮೂಲಾಚಾರದಲ್ಲಿ ಇನ್ನೊಂದು ಉಪಾಯವಿದೆ. ಸಾವು ನಿಶ್ಚಿತವಲ್ಲದ ಆಪತ್ತಿನಲ್ಲಿ ಸಿಲುಕಿದವನು ಈ ಎಡೆಯಲ್ಲಿ, ಈ ಕಾಲದಲ್ಲಿ ನನ್ನ ಆಯುಸ್ಸು ಮುಗಿದರೆ ಈ ತ್ಯಾಗ ಸಂಪೂರ್ಣ, ಪಾರಾದರೆ ಪಾರಣೆ ಎಂದು ಅವಧಿಯನ್ನು ಗೊತ್ತುಪಡಿಸಿ ಪ್ರತ್ಯಾಖ್ಯಾನ ಮಾಡಬಹುದು. ಮರಳಿ ಉಣ್ಣುವುದಕ್ಕೂ ಶಾಸ್ತ್ರದಲ್ಲಿ ಬಾಗಿಲಿದೆ, ಅದರಲ್ಲಿ ಅವಮಾನವಿಲ್ಲ. ಈಗಿನ ವೈದ್ಯರು ನಳಿಕೆಯ ಆಹಾರವನ್ನು ಇಷ್ಟು ದಿನ ಕೊಟ್ಟು ನೋಡೋಣ, ಗುಣ ಕಂಡರೆ ಮುಂದುವರಿಸೋಣ, ಕಾಣದಿದ್ದರೆ ನಿಲ್ಲಿಸೋಣ ಎಂದು ಅವಧಿ ಕಟ್ಟಿ ಮಾಡುವ ಚಿಕಿತ್ಸೆಯು ತಿರುಗುಮುರುಗಾಗಿ ಇದೇ ಬಗೆಯ ವಿವೇಕ.

ಹಾಸಿಗೆಯ ಬಳಿ ಹುಟ್ಟಿದ ಸಾಹಿತ್ಯ

ಭಗವತೀ ಆರಾಧನೆಯು ಕ್ಷಪಕನ, ಎಂದರೆ ಸಮಾಧಿಗೆ ಅಣಿಯಾದವನ, ಸೇವೆಗೆ ೪೮ ಮಂದಿ ನಿರ್ಯಾಪಕರನ್ನು ಹೇಳಿದೆ. ನಾಲ್ವರು ಎತ್ತಿ ಕುಳ್ಳಿರಿಸಿ ಮಲಗಿಸುವವರು, ನಾಲ್ವರು ಧರ್ಮಕಥೆ ಹೇಳುವವರು, ನಾಲ್ವರು ಆಹಾರವನ್ನೂ ನಾಲ್ವರು ಪಾನವನ್ನೂ ತರುವವರು, ಹೀಗೆ ಕೆಲಸ ಹಂಚಿಕೆಯಾಗಿದೆ. ಅಷ್ಟು ಮಂದಿ ದೊರೆಯದಿದ್ದರೆ ಕಡೆಗೆ ಇಬ್ಬರಾದರೂ ಇರಬೇಕು, ಒಬ್ಬನೇ ಸಾಲದು. ಅನ್ನವನ್ನು ಬಿಡುವವನ ಬಳಿ ಅನ್ನವನ್ನು ತರುವವರನ್ನು ನೇಮಿಸಿದುದು ಮೇಲುನೋಟಕ್ಕೆ ವಿಚಿತ್ರವೆನಿಸೀತು. ಆದರೆ ಅಲ್ಲಿಯೇ ಪ್ರಕಾಶನವೆಂಬ ವಿಧಿಯುಂಟು. ಕೊನೆಯ ತ್ಯಾಗಕ್ಕೆ ಮುನ್ನ ಬಗೆಬಗೆಯ ಆಹಾರವನ್ನು ಕ್ಷಪಕನ ಮುಂದೆ ತಂದು ತೋರಿಸಬೇಕು. ಒಬ್ಬನು ಕಂಡೊಡನೆ ಸಾಕೆನ್ನುವನು. ಇನ್ನೊಬ್ಬನು ರುಚಿ ನೋಡಿ ಸಾಕೆನ್ನುವನು. ಆಸೆ ಉಳಿದವನಿಗೆ ಮತ್ತೆ ಕ್ರಮವಾಗಿ ಬಿಡಿಸಬೇಕು. ನಿಜವಾಗಿ ಬೇಡವಾಗಿದೆಯೋ ಹೇಳಲಾರದೆ ಸುಮ್ಮನಿರುವನೋ ಎಂದು ತಿಳಿಯುವ 'ಪರೀಕ್ಷೆ'ಯಿದು. ಪರೀಕ್ಷಿಸದೆ ಬಿಡಿಸುವುದು ಶಾಸ್ತ್ರಸಮ್ಮತವಲ್ಲ.

ಇಷ್ಟಾಗಿಯೂ ಹಸಿವು ನೀರಡಿಕೆಗಳಿಂದ ಕ್ಷಪಕನ ಮನಸ್ಸು ಕದಡಿದರೆ ಅವನನ್ನು ಗದರಬಾರದು. ಮಧುರವಾದ ಮಾತುಗಳಿಂದ, ಹಿಂದಿನವರ ಸಹನೆಯ ಕಥೆಗಳಿಂದ ಧೈರ್ಯ ತುಂಬಬೇಕು. ಆ ಭಾಗಕ್ಕೆ 'ಕವಚ'ವೆಂದೇ ಹೆಸರು. ಅಲ್ಲಿಯ ಗಾಹೆಗಳಲ್ಲಿ ಸೂಚಿತರಾದ ಮಹಾಪುರುಷರ ಹತ್ತೊಂಬತ್ತು ಕಥೆಗಳೇ ಕನ್ನಡದ ವಡ್ಡಾರಾಧನೆ. ಕನ್ನಡದ ಉಪಲಬ್ಧ ಪ್ರಾಚೀನ ಗದ್ಯಗ್ರಂಥವು ಅರಸನ ಆಸ್ಥಾನಕ್ಕಾಗಿ ಹುಟ್ಟಿದುದಲ್ಲ; ಸಾಯುತ್ತಿರುವವನ ಹಾಸಿಗೆಯ ಪಕ್ಕದ ಅಗತ್ಯವೊಂದು ಅದರ ಮೂಲದಲ್ಲಿದೆ. ನಮ್ಮ ಭಾಷೆಯ ಇತಿಹಾಸವನ್ನು ಬರೆದವರು ಈ ಅಂಶಕ್ಕೆ ಇನ್ನೂ ಹೆಚ್ಚು ಒತ್ತು ಕೊಡಬಹುದಾಗಿತ್ತು.

ಆಸ್ಪತ್ರೆ ಮತ್ತು ನ್ಯಾಯಾಲಯ

ಬಂಕಾಪುರವು ಮುಂದೆ ಹಲವು ಕೈಗಳಿಗೆ ಹೋಯಿತು. ಹೊಯ್ಸಳರ ಮಂತ್ರಿ ಹುಳ್ಳರಾಜನು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಯ ಜೀರ್ಣ ಜಿನಾಲಯಗಳನ್ನು ಉದ್ಧರಿಸಿದನು. ಆದಿಲಶಾಹಿಗಳೂ ಅನಂತರ ಸವಣೂರಿನ ನವಾಬರೂ ಕೋಟೆಯನ್ನು ಆಳಿದರು. ಬಸದಿಗಳು ಕ್ಷೀಣಿಸಿದರೂ ವ್ರತದ ನೆನಪು ಮನೆಗಳಲ್ಲಿ ಉಳಿಯಿತು. ಬದಲಾದುದು ಸಾಯುವ ಸ್ಥಳ. ಮನೆಯ ಪಡಸಾಲೆಯಲ್ಲಿ ಣಮೋಕಾರ ಮಂತ್ರವನ್ನು ಕೇಳುತ್ತ ಕಣ್ಣು ಮುಚ್ಚುತ್ತಿದ್ದವರು ಈಗ ತೀವ್ರನಿಗಾ ಘಟಕದಲ್ಲಿರುತ್ತಾರೆ. ಬಾಯಿಂದ ಒಲ್ಲೆನೆಂದ ಅನ್ನವು ಮೂಗಿನ ನಳಿಕೆಯಿಂದ ಹೊಟ್ಟೆಗೆ ಇಳಿಯುತ್ತದೆ.

ಅಂತ್ಯ ಸಮೀಪಿಸಿದ ಶರೀರಕ್ಕೆ ಹಸಿವು ತಾನಾಗಿ ಇಂಗುತ್ತದೆಂದೂ, ಕೊಟ್ಟ ಆಹಾರವನ್ನು ಅದು ಬಳಸಿಕೊಳ್ಳಲಾರದೆಂದೂ, ರಕ್ತನಾಳದ ಮೂಲಕ ಹೆಚ್ಚಾಗಿ ಏರಿಸಿದ ದ್ರವವು ಬಾವನ್ನೂ ಉಬ್ಬಸವನ್ನೂ ತರಬಹುದೆಂದೂ ಉಪಶಮನ ಚಿಕಿತ್ಸೆಯ ತಜ್ಞರು ತಿಳಿಸುತ್ತಾರೆ. ಒಣಗಿದ ತುಟಿ ನಾಲಗೆಗಳನ್ನು ಒದ್ದೆಮಾಡುತ್ತಿದ್ದರೆ ನೀರಡಿಕೆಯ ಸಂಕಟ ಬಹುಮಟ್ಟಿಗೆ ಶಮನವಾಗುತ್ತದೆ. ಮುಂದುವರಿದ ಡಿಮೆನ್ಷಿಯಾ ರೋಗಿಗಳಿಗೆ ನಳಿಕೆಯ ಆಹಾರ ಹಿತವಲ್ಲ, ತಾಳ್ಮೆಯಿಂದ ಕೈಯಲ್ಲಿ ಉಣಿಸುವುದೇ ಮೇಲೆಂದು ಅಮೆರಿಕದ ವೃದ್ಧಾರೋಗ್ಯ ತಜ್ಞರ ಸಂಘವು ೨೦೧೪ರಲ್ಲಿ ಸಾರಿತು. ನಮ್ಮ ಅಜ್ಜಿಯರ ಕೈತುತ್ತಿಗೆ ವಿಜ್ಞಾನದ ಮುದ್ರೆ ಬಿದ್ದಂತಾಯಿತು. ನಳಿಕೆಯ ಆಹಾರವು ಅನ್ನವೋ ಚಿಕಿತ್ಸೆಯೋ ಎಂಬ ಪ್ರಶ್ನೆಯನ್ನು ಪಾಶ್ಚಾತ್ಯರೂ ಬಗೆಹರಿಸಲು ಯತ್ನಿಸಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟು ೧೯೯೦ರಲ್ಲಿಯೂ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ೧೯೯೩ರಲ್ಲಿಯೂ ಅದನ್ನು ಚಿಕಿತ್ಸೆಯ ಕಕ್ಷೆಯೊಳಗೆ ತಂದವು. ಪೋಪ್ ಎರಡನೆಯ ಜಾನ್ ಪಾಲ್ ೨೦೦೪ರಲ್ಲಿ ಅದು ಸಾಮಾನ್ಯ ಆರೈಕೆಯೇ, ತತ್ತ್ವತಃ ಕೊಡಲೇಬೇಕಾದುದು ಎಂದರು. ನಮ್ಮ ದೇಶದಲ್ಲಿ ೧೯೮೨ರ ನವೆಂಬರ್ ೧೫ರಂದು ಪವನಾರದಲ್ಲಿ ಆಚಾರ್ಯ ವಿನೋಬಾ ಭಾವೆಯವರು ಅನ್ನ, ನೀರು, ಔಷಧಗಳನ್ನು ತೊರೆದು ದೇಹವಿಟ್ಟಾಗ ಅನೇಕರಿಗೆ ಜೈನ ಸಮಾಧಿಮರಣದ ನೆನಪಾಯಿತು.

ನ್ಯಾಯಾಲಯಗಳ ಕಡೆಗೆ ನೋಡಿದರೆ, ರಾಜಸ್ಥಾನದ ಉಚ್ಚ ನ್ಯಾಯಾಲಯವು ೨೦೧೫ರ ಆಗಸ್ಟ್ ೧೦ರಂದು ಸಂಥಾರಾ ವ್ರತವನ್ನು ಆತ್ಮಹತ್ಯೆಯ ಕಲಮುಗಳ ಕೆಳಗೆ ತಂದಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆಯನ್ನು ನೀಡಿತು. ಆತ್ಮಹತ್ಯಾ ಯತ್ನವನ್ನು ಶಿಕ್ಷಾರ್ಹಗೊಳಿಸಿದ್ದ ೩೦೯ನೆಯ ಕಲಮು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ರೂಪದಲ್ಲಿ ಉಳಿದಿಲ್ಲ. ಇದಕ್ಕಿಂತ ಮನೆಮಂದಿಗೆ ಉಪಯುಕ್ತವಾದುದು ೨೦೧೮ರ ಮಾರ್ಚ್ ೯ರ ತೀರ್ಪು. ಗುಣವಾಗದ ಸ್ಥಿತಿಯಲ್ಲಿ ಜೀವವನ್ನು ಬರಿದೆ ಎಳೆಯುವ ಚಿಕಿತ್ಸೆಯನ್ನು ಬೇಡವೆನ್ನುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಮಾನ್ಯಮಾಡಿತು. ೨೦೨೩ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯು ೨೦೨೫ರ ಜನವರಿ ೩೦ರಂದು ಇದನ್ನು ಕಾರ್ಯಗತಗೊಳಿಸುವ ಸುತ್ತೋಲೆಯನ್ನು ಹೊರಡಿಸಿತು.

ಈ ವ್ಯವಸ್ಥೆಯೂ ಸಲ್ಲೇಖನವೂ ಒಂದೇ ಅಲ್ಲ. ಒಂದು ಚಿಕಿತ್ಸೆಯ ನಿಲುಗಡೆ, ಇನ್ನೊಂದು ವ್ರತ. ನಳಿಕೆಯನ್ನು ತೆಗೆಸಿದವರೆಲ್ಲ ಸಮಾಧಿಮರಣವನ್ನು ಪಡೆದರೆಂದು ಹೇಳಿಕೊಳ್ಳುವುದು ಮಾರಸಿಂಹ, ಜಕ್ಕಿಯಬ್ಬೆಯರ ಸಾಧನೆಯನ್ನು ಹಗುರಮಾಡಿದಂತೆ. ಹಾಗೆಂದು ಅವೆರಡೂ ಪರಕೀಯವೂ ಅಲ್ಲ. ತನ್ನ ಕೊನೆಯ ಕಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂಬುದನ್ನು ವಯಸ್ಕನೊಬ್ಬನು ತಿಳಿವಿರುವಾಗಲೇ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ತನ್ನ ಪರವಾಗಿ ಮಾತನಾಡಬೇಕಾದ ಹತ್ತಿರದವರ ಹೆಸರುಗಳನ್ನು ಅದರಲ್ಲಿ ಸೂಚಿಸಬಹುದು. ಆ ಇಚ್ಛೆಯನ್ನು ನೆರವೇರಿಸುವ ಮುನ್ನ ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಲಿಗಳು ಒಂದರ ಮೇಲೊಂದು ಪರಿಶೀಲಿಸಿ ಒಪ್ಪಬೇಕು. ನಾಲ್ಕು ತಾಲ್ಲೂಕುಗಳ ಬಸದಿಗಳಲ್ಲಿ ದಶಲಕ್ಷಣ ಪರ್ವದ ದಿನಗಳಲ್ಲಿ ಹಿರಿಯರು ಒಟ್ಟಾಗಿ ಸೇರಿರುವಾಗ, ಮುನಿಗಳೋ ಪಂಡಿತರೋ ವೈದ್ಯರೋ ಎದುರಿಗಿರುವಾಗ, ಈ ಪತ್ರವನ್ನು ಓದಿಸಿ ವಿವರಿಸುವುದಕ್ಕೆ ಒಂದು ಮಧ್ಯಾಹ್ನ ಸಾಕಾದೀತು.